95 ಹೊಡೆದದ್ದು 93 ಆಯಿತು, ಹ್ಯಾಂಡಿಕ್ಯಾಪ್ ಮಾತ್ರ ಏರಿತು: ಈ ಲೆಕ್ಕ ಹೇಗೆ?

ಪ್ರಶ್ನೆ: ಎರಡು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ. ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್ (ಪಂದ್ಯ ಸಮವಾಗಲೆಂದು ಬಿಟ್ಟುಕೊಡುವ ಹೊಡೆತಗಳ ಮೂಲ ಅಂಕಿ) 18.4 ಇತ್ತು. ಹೋದ ಭಾನುವಾರ ನಮ್ಮ ಕೋರ್ಸಿನ ಬಿಳಿ ಟೀಯಿಂದ (ಪಾರ್ 72, ಕೋರ್ಸ್ ರೇಟಿಂಗ್ 70.6, ಸ್ಲೋಪ್ 124) 95 ಹೊಡೆದೆ. ನನ್ನ ಮಟ್ಟಿಗೆ ಒಳ್ಳೆಯ ಆಟವೇ. ಮರುದಿನ ನೋಡಿದರೆ ದಾಖಲೆಯಲ್ಲಿ 93 ಅಂತಿದೆ, ಇಂಡೆಕ್ಸ್ 19.0ಕ್ಕೆ ಏರಿದೆ. ಇನ್ನೊಂದು ಗೊಂದಲ: ಇಂಡೆಕ್ಸ್ 18.4 ಇದ್ದಾಗಲೇ ಒಂದು ಕೋರ್ಸಿನಲ್ಲಿ 22 ಸ್ಟ್ರೋಕ್ ಕೊಟ್ಟರು, ಮತ್ತೊಂದರಲ್ಲಿ 17, ನಮ್ಮಲ್ಲಿ 19, ನಮ್ಮಲ್ಲೇ ಸ್ಪರ್ಧೆಯ ದಿನ 18. ಇಷ್ಟೊಂದು ಅಂಕಿಗಳಲ್ಲಿ ನನ್ನ ಹ್ಯಾಂಡಿಕ್ಯಾಪ್ ಯಾವುದು? ನನ್ನ ಕಳೆದ 20 ಕಾರ್ಡುಗಳ ಪಟ್ಟಿ ಜೊತೆಗಿದೆ.

ಉತ್ತರ: ನಿಮ್ಮ ಭಾನುವಾರದ ಆಟ ಇಂಡೆಕ್ಸನ್ನು ಏರಿಸಿಲ್ಲ. ಅದೇ ದಿನ ಪಟ್ಟಿಯ ಬುಡದಿಂದ ಹೊರಬಿದ್ದ ಒಂದು ಹಳೆಯ ಕಾರ್ಡು ಏರಿಸಿತು. ಅಂದು ನೀವು 93ರ ಬದಲು 100 ಹೊಡೆದಿದ್ದರೂ ಇಂಡೆಕ್ಸ್ ಇದೇ 19.0 ಆಗುತ್ತಿತ್ತು. ವಿಚಿತ್ರವೆನಿಸಿದರೂ ಲೆಕ್ಕ ಹಾಗೇ ಬರುತ್ತದೆ. ಕೆಳಗೆ ನಿಮ್ಮದೇ ಅಂಕಿಗಳಲ್ಲಿ ಮಾಡಿ ತೋರಿಸುತ್ತೇನೆ. ಹೊಸಬರಿಗೆ ಹೇಳುವುದಾದರೆ, ಟೀ ಎಂದರೆ ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ, ಪಾರ್ ಎಂದರೆ ಹೋಲಿಗೋ ಕೋರ್ಸಿಗೋ ನಿಗದಿಯಾದ ಹೊಡೆತಗಳ ಸಂಖ್ಯೆ; ಕೋರ್ಸ್ ರೇಟಿಂಗ್, ಸ್ಲೋಪ್ ಏನೆಂದು ಮುಂದೆ ಬರುತ್ತದೆ.

ಅದಕ್ಕೂ ಮೊದಲು ಒಂದು ಮಾತು ತಲೆಯಲ್ಲಿರಲಿ. ಹ್ಯಾಂಡಿಕ್ಯಾಪ್ ಇಂಡೆಕ್ಸ್ ನಿಮ್ಮ ಸರಾಸರಿ ಆಟದ ಅಳತೆ ಅಲ್ಲ. ನಿಮ್ಮ ಒಳ್ಳೆಯ ದಿನಗಳ ಸರಾಸರಿ ಅದು. ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ನ್ನು ತೆಗೆದು ಅವುಗಳ ಸರಾಸರಿ ಹಿಡಿಯುತ್ತಾರೆ. ಆ 8ರಲ್ಲಿ ಸುಮಾರು ಅರ್ಧ ಸರಾಸರಿಗಿಂತ ಮೇಲೆ, ಅರ್ಧ ಕೆಳಗೆ ಇರುವುದರಿಂದ, 20 ಸುತ್ತಿನಲ್ಲಿ ನಾಲ್ಕು ಸಲ, ಅಂದರೆ ಐದಕ್ಕೆ ಒಂದು ಸಲ ಮಾತ್ರ ನೀವು ಹ್ಯಾಂಡಿಕ್ಯಾಪಿನಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಆಡುತ್ತೀರಿ. ಉಳಿದ ನಾಲ್ಕು ಸಲ ಅದಕ್ಕಿಂತ ಹೆಚ್ಚು ಹೊಡೆತ ಬಿದ್ದರೆ ಆಟ ಕೆಟ್ಟಿದೆ ಅಂತ ಅರ್ಥವಲ್ಲ. "ಹ್ಯಾಂಡಿಕ್ಯಾಪಿಗೆ ತಕ್ಕ ಆಟ ಬರ್ತಾನೇ ಇಲ್ಲ" ಎಂದು ಕೊರಗುವ ಬಹಳಷ್ಟು ಮಂದಿ ಸರಿಯಾಗಿಯೇ ಆಡುತ್ತಿರುತ್ತಾರೆ.

ಈ ಪದ್ಧತಿಯ ಹೆಸರು ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಂ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಮತ್ತು ಬ್ರಿಟನ್ನಿನ ಆರ್ ಅಂಡ್ ಎ ಸೇರಿ 2020ರಲ್ಲಿ ಜಾರಿಗೆ ತಂದವು. ಅದಕ್ಕೂ ಮುಂಚೆ ಜಗತ್ತಿನಲ್ಲಿ ಆರು ಬೇರೆ ಬೇರೆ ಪದ್ಧತಿಗಳಿದ್ದವು. ಒಂದು ದೇಶದ 15 ಇನ್ನೊಂದು ದೇಶದ 15ಕ್ಕೆ ಸಮನಾಗಿರಲಿಲ್ಲ. 2024ರಲ್ಲಿ ನಿಯಮಗಳನ್ನು ಪರಿಷ್ಕರಿಸಿದರು. ಭಾರತದಲ್ಲಿ ಇದರ ಹೊಣೆ ಇಂಡಿಯನ್ ಗಾಲ್ಫ್ ಯೂನಿಯನ್ನಿನದು.

95 ಹೇಗೆ 93 ಆಯಿತು

ನಿಮ್ಮ ಕಾರ್ಡಿನ 7ನೇ ಹೋಲ್ ನೋಡಿ. ಪಾರ್ 4, ಸ್ಟ್ರೋಕ್ ಇಂಡೆಕ್ಸ್ (ಯಾವ ಹೋಲಿಗೆ ಮೊದಲು ಸ್ಟ್ರೋಕ್ ಸಿಗುತ್ತದೆ ಎಂಬ ಕ್ರಮದ ಅಂಕಿ) 15. ಎರಡು ಚೆಂಡು ನೀರಿಗೆ ಹೋಗಿ 9 ಬರೆದಿದ್ದೀರಿ. ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಯಾವ ಹೋಲಿನಲ್ಲೂ ನೆಟ್ ಡಬಲ್ ಬೋಗಿಗಿಂತ ಹೆಚ್ಚು ಹಿಡಿಯುವುದಿಲ್ಲ. ನೆಟ್ ಡಬಲ್ ಬೋಗಿ ಎಂದರೆ ಆ ಹೋಲಿನ ಪಾರ್, ಅದಕ್ಕೆ 2, ಜೊತೆಗೆ ಆ ಹೋಲಿನಲ್ಲಿ ನಿಮಗೆ ಸಿಗುವ ಸ್ಟ್ರೋಕ್. ಅಂದು ನಿಮ್ಮ ಕೋರ್ಸ್ ಹ್ಯಾಂಡಿಕ್ಯಾಪ್, ಅಂದರೆ ಆ ಟೀಯಿಂದ ನಿಮಗೆ ಸಿಗುವ ಒಟ್ಟು ಸ್ಟ್ರೋಕ್, 19. ಅಂದರೆ ಹದಿನೆಂಟು ಹೋಲಿಗೂ ಒಂದೊಂದು, ಸ್ಟ್ರೋಕ್ ಇಂಡೆಕ್ಸ್ 1 ಇರುವ ಹೋಲಿಗೆ ಮಾತ್ರ ಎರಡು. ಹಾಗಾಗಿ 7ನೇ ಹೋಲಿನ ಮಿತಿ 4 + 2 + 1 = 7. ಅಲ್ಲಿ 2 ಹೊಡೆತ ಇಳಿಯಿತು, 95 ಹೋಗಿ 93 ಆಯಿತು. ಉಳಿದ ಯಾವ ಹೋಲಿನಲ್ಲೂ ನೀವು ಮಿತಿ ದಾಟಿಲ್ಲ.

ಇದು ಕರುಣೆಗಾಗಿ ಮಾಡಿದ ನಿಯಮವಲ್ಲ. ಒಂದು ಹೋಲಿನ ಅನಾಹುತ ಹದಿನೆಂಟು ಹೋಲಿನ ಚಿತ್ರವನ್ನೇ ಕೆಡಿಸಬಾರದು ಎಂಬುದು ಮೊದಲ ಕಾರಣ. ಬೇಕೆಂದೇ ಒಂದು ಹೋಲಿನಲ್ಲಿ 11, 12 ಬರೆದು ಹ್ಯಾಂಡಿಕ್ಯಾಪ್ ಉಬ್ಬಿಸಿಕೊಳ್ಳುವುದಕ್ಕೂ ಇದೇ ತಡೆ. ಹಾಗೆಂದು ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ 9 ಹೊಡೆದವರು 7 ಬರೆಯುವಂತಿಲ್ಲ. ಅಲ್ಲಿ ಹೊಡೆದಷ್ಟೂ ಬರೆಯಬೇಕು; ತಿದ್ದುಪಡಿ ಹ್ಯಾಂಡಿಕ್ಯಾಪ್ ದಾಖಲೆಯಲ್ಲಿ ಮಾತ್ರ. ಹೋಲ್‌ವಾರು ಸ್ಕೋರ್ ತುಂಬಿದರೆ ಕಂಪ್ಯೂಟರೇ ಇದನ್ನು ಮಾಡಿಕೊಳ್ಳುತ್ತದೆ. ಬರೀ ಒಟ್ಟು ಮೊತ್ತ ತುಂಬುವ ಅಭ್ಯಾಸವಿದ್ದರೆ ಮೊದಲು ನೀವೇ ತಿದ್ದಿ ಕೂಡಬೇಕು, ಅಲ್ಲೇ ತಪ್ಪಾಗುವುದು. ಹೋಲ್‌ವಾರು ತುಂಬುವುದು ಎಲ್ಲ ರೀತಿಯಲ್ಲೂ ಲೇಸು.

ಹೋಲ್ ಮುಗಿಸದೆ ಚೆಂಡು ಎತ್ತಿಕೊಂಡರೆ? ಗೆದ್ದ ಹೋಲುಗಳನ್ನು ಎಣಿಸುವ ಮ್ಯಾಚ್ ಪ್ಲೇಯಲ್ಲಿ ಎದುರಾಳಿ ಪಟ್ (ಗ್ರೀನಿನ ಮೇಲಿನ ಹೊಡೆತ) ಬಿಟ್ಟುಕೊಟ್ಟಾಗ, ಹೋಲಿಗೆ ಇಷ್ಟು ಅಂಕ ಎಂದು ಕೊಡುವ ಸ್ಟೇಬಲ್‌ಫೋರ್ಡಿನಲ್ಲಿ ಇನ್ನು ಅಂಕ ಸಿಗದು ಎಂದಾದಾಗ ಹೀಗಾಗುತ್ತದೆ. ಆಗ ಹಿಡಿಯುವುದು ಬರಬಹುದಾಗಿದ್ದ ಸ್ಕೋರ್. ಅಲ್ಲಿಯವರೆಗಿನ ಹೊಡೆತಗಳಿಗೆ, ಚೆಂಡು ಗ್ರೀನಿನ ಮೇಲೆ ಹೋಲಿನಿಂದ 5 ಅಡಿ ಒಳಗಿದ್ದರೆ 1, 5 ಅಡಿಯಿಂದ 20 ಗಜದವರೆಗೆ 2 ಅಥವಾ 3, ಅದಕ್ಕೂ ದೂರವಿದ್ದರೆ 3 ಅಥವಾ 4 ಸೇರಿಸಬೇಕು. ಇದಕ್ಕೂ ನೆಟ್ ಡಬಲ್ ಬೋಗಿಯ ಮಿತಿ ಇದೆ.

ಡಿಫರೆನ್ಶಿಯಲ್

ಬೇರೆ ಬೇರೆ ಕೋರ್ಸಿನ, ಬೇರೆ ಬೇರೆ ಟೀಯ ಸ್ಕೋರುಗಳನ್ನು ಹಾಗೇ ಹೋಲಿಸಲು ಬರುವುದಿಲ್ಲ. ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ಆ ಅಳತೆಯೇ ಸ್ಕೋರ್ ಡಿಫರೆನ್ಶಿಯಲ್:

(113 ÷ ಸ್ಲೋಪ್) × (ತಿದ್ದಿದ ಸ್ಕೋರ್ − ಕೋರ್ಸ್ ರೇಟಿಂಗ್ − ಪಿಸಿಸಿ)

ಪಿಸಿಸಿ ಆ ದಿನದ ಆಟದ ಪರಿಸ್ಥಿತಿಗೆ ಮಾಡುವ ಹೊಂದಾಣಿಕೆ, ಅದರ ಮಾತು ಆಮೇಲೆ. ಭಾನುವಾರ ಅದು 0. ಈಗ ನಿಮ್ಮ ಅಂಕಿ ಹಾಕಿ: 93 − 70.6 = 22.4. ಇದನ್ನು 113ರಿಂದ ಗುಣಿಸಿ 124ರಿಂದ ಭಾಗಿಸಿದರೆ 20.41. ಒಂದು ದಶಮಾಂಶಕ್ಕೆ 20.4. ಭಾನುವಾರದ ಆಟದ ತೂಕ ಇಷ್ಟು.

ನಿಮ್ಮ ಪಟ್ಟಿಯಲ್ಲಿ ಭಾನುವಾರಕ್ಕೆ ಮುಂಚೆ ಲೆಕ್ಕಕ್ಕೆ ಬರುತ್ತಿದ್ದ 8 ಡಿಫರೆನ್ಶಿಯಲ್‌ಗಳು ಇವು: 15.9, 17.2, 18.1, 18.5, 18.9, 19.2, 19.6, 19.8. ಕೂಡಿದರೆ 147.2, ಎಂಟರಿಂದ ಭಾಗಿಸಿದರೆ 18.4. ಉಳಿದ ಹನ್ನೆರಡರಲ್ಲಿ ಅತಿ ಕಡಿಮೆಯದು 20.7.

ಈಗ 15.9 ಎದುರಿನ ತಾರೀಖು ನೋಡಿ. ಅದು ಪಟ್ಟಿಯಲ್ಲಿ ಅತಿ ಹಳೆಯ, ಅಂದರೆ ಇಪ್ಪತ್ತನೆಯ ಕಾರ್ಡು. ಭಾನುವಾರದ ಕಾರ್ಡು ಒಳಗೆ ಬಂದ ಕೂಡಲೇ ಅದು ಇಪ್ಪತ್ತೊಂದನೆಯದಾಗಿ ಹೊರಗೆ ಹೋಯಿತು. ನಿಮ್ಮ ಅತ್ಯುತ್ತಮ ಸುತ್ತೇ ಹೋದಂತಾಯಿತು. ಅದರ ಜಾಗಕ್ಕೆ 20.4 ಬಂತು. ಮೊತ್ತ 147.2 − 15.9 + 20.4 = 151.7, ಸರಾಸರಿ 18.96, ದುಂಡು ಮಾಡಿದರೆ 19.0.

ನೀವು 100 ಹೊಡೆದಿದ್ದರೆ? ಡಿಫರೆನ್ಶಿಯಲ್ 26.8 ಆಗಿ ಮೊದಲ ಎಂಟರೊಳಗೆ ಬರುತ್ತಲೇ ಇರಲಿಲ್ಲ. 15.9ರ ಜಾಗಕ್ಕೆ 20.7 ಬರುತ್ತಿತ್ತು. ಮೊತ್ತ 152.0, ಸರಾಸರಿ 19.0. ಇಂಡೆಕ್ಸ್ 18.4ರಲ್ಲೇ ನಿಲ್ಲಬೇಕಿದ್ದರೆ ಇನ್ನೊಂದು 15.9 ಬೇಕಿತ್ತು, ಅಂದರೆ ತಿದ್ದಿದ ಸ್ಕೋರ್ 88. ಆದ್ದರಿಂದ ಕಾರ್ಡು ಹಾಕುವ ಮೊದಲು ಪಟ್ಟಿಯ ತುದಿಯ ಎರಡು ಮೂರು ಹಳೆಯ ಅಂಕಿಗಳನ್ನು ನೋಡುವ ರೂಢಿ ಮಾಡಿಕೊಳ್ಳಿ. ಲೆಕ್ಕಕ್ಕೆ ಹಿಡಿದ ಎಂಟನ್ನು ಹೆಚ್ಚಿನ ಆ್ಯಪ್‌ಗಳು ಗುರುತು ಹಾಕಿ ತೋರಿಸುತ್ತವೆ. ಹೊರಬೀಳಲಿರುವ ಕಾರ್ಡಿಗೆ ಗುರುತಿದ್ದರೆ ಇಂಡೆಕ್ಸ್ ಏರುವ ಸಂಭವ ಹೆಚ್ಚು. ಗುರುತಿಲ್ಲದಿದ್ದರೆ, ಮುಂದೆ ಹೇಳುವ ಮಿತಿಗಳೇನೂ ಅಡ್ಡ ಬರದ ಹೊರತು, ನೀವು ಎಷ್ಟೇ ಕೆಟ್ಟದಾಗಿ ಆಡಿದರೂ ಇಂಡೆಕ್ಸ್ ಏರುವುದಿಲ್ಲ. ಕೆಟ್ಟ ಸುತ್ತಿನ ಕಾರ್ಡು ಹಾಕಲು ಹಿಂಜರಿಯುವವರು ಇದನ್ನು ಗಮನಿಸಬೇಕು.

ಕೋರ್ಸ್ ರೇಟಿಂಗ್ ಮತ್ತು ಸ್ಲೋಪ್

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ವ್ಯವಸ್ಥೆ ನಿಂತಿರುವುದೇ ಈ ಎರಡು ಅಂಕಿಗಳ ಮೇಲೆ. ಸ್ಲೋಪ್ ಬಗ್ಗೆಯಂತೂ ವರ್ಷಗಟ್ಟಲೆ ಆಡಿದವರಲ್ಲೂ ತಪ್ಪು ತಿಳಿವಳಿಕೆ ಇದೆ.

ಕೋರ್ಸ್ ರೇಟಿಂಗ್ ಎಂದರೆ ಸೊನ್ನೆ ಹ್ಯಾಂಡಿಕ್ಯಾಪಿನ ಸ್ಕ್ರ್ಯಾಚ್ ಆಟಗಾರನಿಗೆ ಆ ಟೀಯಿಂದ ಬರಬೇಕಾದ ಸ್ಕೋರ್. ನಿಮ್ಮ ಬಿಳಿ ಟೀಗೆ 70.6, ಅಂದರೆ ಪಾರಿಗಿಂತ 1.4 ಕಡಿಮೆ. ಇದರ ಜೊತೆಗೆ ಬೋಗಿ ರೇಟಿಂಗ್ ಎಂಬುದೂ ಇದೆ. ಹ್ಯಾಂಡಿಕ್ಯಾಪ್ ಗಂಡಸರಲ್ಲಿ ಸುಮಾರು 20, ಹೆಂಗಸರಲ್ಲಿ ಸುಮಾರು 24 ಇರುವ ಆಟಗಾರರಿಗೆ ಬರಬೇಕಾದ ಸ್ಕೋರ್ ಅದು. ಈ ಎರಡು ರೇಟಿಂಗುಗಳ ಅಂತರವನ್ನು ಗಂಡಸರಿಗೆ 5.381ರಿಂದ, ಹೆಂಗಸರಿಗೆ 4.24ರಿಂದ ಗುಣಿಸಿದರೆ ಸಿಗುವುದು ಸ್ಲೋಪ್. ನಿಮ್ಮ 124ನ್ನು ಹಿಂದಕ್ಕೆ ಬಿಡಿಸಿದರೆ ಅಂತರ 23, ಬೋಗಿ ರೇಟಿಂಗ್ ಸುಮಾರು 93.6.

ಅಂದಮೇಲೆ ಸ್ಲೋಪ್ ಹೇಳುವುದು ಕೋರ್ಸು ಎಷ್ಟು ಕಷ್ಟ ಅಂತಲ್ಲ. ಒಳ್ಳೆಯ ಆಟಗಾರನಿಗಿಂತ ಸಾಧಾರಣ ಆಟಗಾರನಿಗೆ ಅದು ಎಷ್ಟು ಹೆಚ್ಚು ಕಷ್ಟ ಎಂಬುದನ್ನು. ಕನಿಷ್ಠ 55, ಗರಿಷ್ಠ 155, 113 ಪ್ರಮಾಣ. ಉದ್ದವಾದ, ಆದರೆ ಅಗಲ ಫೇರ್‌ವೇಗಳ, ನೀರು ಕಡಿಮೆ ಇರುವ ಕೋರ್ಸಿಗೆ ರೇಟಿಂಗ್ ಹೆಚ್ಚಿದ್ದು ಸ್ಲೋಪ್ ಕಡಿಮೆ ಇರಬಹುದು.

ರೇಟಿಂಗ್ ತಂಡದವರು ಲೆಕ್ಕ ಹಾಕುವಾಗ ಇಟ್ಟುಕೊಳ್ಳುವ ಅಳತೆ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗಂಡಸರಲ್ಲಿ ಸ್ಕ್ರ್ಯಾಚ್ ಆಟಗಾರ ಟೀಯಿಂದ 250 ಗಜ ಹೊಡೆಯುತ್ತಾನೆ, ಎರಡನೇ ಹೊಡೆತದಲ್ಲಿ 220; ಬೋಗಿ ಆಟಗಾರ 200 ಮತ್ತು 170. ಹೆಂಗಸರಲ್ಲಿ ಸ್ಕ್ರ್ಯಾಚ್ 210 ಮತ್ತು 190, ಬೋಗಿ 150 ಮತ್ತು 130. ಈಗ ಟೀಯಿಂದ 200 ಗಜದಲ್ಲಿ ಫೇರ್‌ವೇ ಬದಿಗೆ ಒಂದು ಬಂಕರ್ (ಮರಳುಗುಂಡಿ) ಇದೆ ಎನ್ನಿ. ಸ್ಕ್ರ್ಯಾಚ್ ಆಟಗಾರನ ಚೆಂಡು ಅದನ್ನು ದಾಟಿ ಹೋಗುತ್ತದೆ, ನಿಮ್ಮಂಥವರ ಚೆಂಡು ನೇರ ಅಲ್ಲಿಗೇ ಬೀಳುತ್ತದೆ. ಆ ಬಂಕರ್ ಕೋರ್ಸ್ ರೇಟಿಂಗನ್ನು ಅಷ್ಟಾಗಿ ಮುಟ್ಟುವುದಿಲ್ಲ, ಸ್ಲೋಪನ್ನು ಏರಿಸುತ್ತದೆ. ಅದೇ ಬಂಕರ್ 250 ಗಜದಲ್ಲಿದ್ದರೆ ಕಥೆ ಉಲ್ಟಾ.

ಗಜದ ಉದ್ದವನ್ನೂ ಹಾಗೇ ಹಿಡಿಯುವುದಿಲ್ಲ. ಚೆಂಡು ಎಷ್ಟು ಉರುಳುತ್ತದೆ, ಟೀಗೂ ಗ್ರೀನಿಗೂ ಏರಿಳಿತ ಎಷ್ಟು, ತಿರುವು ಎಲ್ಲಿ, ಸದಾ ಬೀಸುವ ಗಾಳಿ ಯಾವ ಕಡೆಯದು ಎಲ್ಲ ಲೆಕ್ಕಕ್ಕೆ ಬರುತ್ತವೆ. ಸಮುದ್ರಮಟ್ಟದಿಂದ 2,000 ಅಡಿಗಿಂತ ಮೇಲಿರುವ ಕೋರ್ಸಿಗೆ ಎತ್ತರವೂ ಸೇರುತ್ತದೆ, ಏಕೆಂದರೆ ತೆಳುಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಆಗಲಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸ್ ಆಗಲಿ, ಚೆನ್ನೈಯಲ್ಲಿ ಅಷ್ಟೇ ಗಜ ಇರುವ ಕೋರ್ಸಿಗಿಂತ ಆಡುವಾಗ ಸ್ವಲ್ಪ ಗಿಡ್ಡವೇ. ಕಾರ್ಡಿನ ಮೇಲಿನ ಗಜ ನೋಡಿ ಎರಡು ಕೋರ್ಸುಗಳನ್ನು ಹೋಲಿಸಬೇಡಿ ಎನ್ನುವುದು ಅದಕ್ಕೇ.

22, 17, 19, 18

ಇಂಡೆಕ್ಸ್ ನಿಮ್ಮ ಜೊತೆ ಊರೂರಿಗೆ ಬರುವ ಅಂಕಿ. ಆಡುವಾಗ ನೇರವಾಗಿ ಬಳಸುವುದು ಅದನ್ನಲ್ಲ. ಮೊದಲು ಆ ಟೀಗೆ ತಕ್ಕಂತೆ ಕೋರ್ಸ್ ಹ್ಯಾಂಡಿಕ್ಯಾಪ್ ಮಾಡಿಕೊಳ್ಳಬೇಕು:

ಇಂಡೆಕ್ಸ್ × (ಸ್ಲೋಪ್ ÷ 113) + (ಕೋರ್ಸ್ ರೇಟಿಂಗ್ − ಪಾರ್)

ನಿಮ್ಮ ಕೋರ್ಸಿನಲ್ಲಿ: 18.4 × 124 ÷ 113 = 20.19. ಅದಕ್ಕೆ 70.6 − 72, ಅಂದರೆ −1.4 ಸೇರಿಸಿದರೆ 18.79, ದುಂಡಾಗಿ 19. ನೀವು 22 ಸ್ಟ್ರೋಕ್ ಪಡೆದ ಕೋರ್ಸಿನ ಕಾರ್ಡಿನಲ್ಲಿ ಪಾರ್ 72, ರೇಟಿಂಗ್ 72.9, ಸ್ಲೋಪ್ 131 ಇದೆ: 21.33 + 0.9 = 22.23. ಇನ್ನೊಂದು ಗಿಡ್ಡ ಕೋರ್ಸು, ಪಾರ್ 70, ರೇಟಿಂಗ್ 68.2, ಸ್ಲೋಪ್ 113: 18.4 − 1.8 = 16.6, ಅಂದರೆ 17. ಮೂರೂ ಸರಿಯಾಗಿವೆ, ಮೂರರ ಹಿಂದೆಯೂ ಇರುವುದು ಅದೇ 18.4.

ಕೊನೆಯ ಕಂಸದ ಭಾಗದಿಂದ ಒಂದು ಅನುಕೂಲವಿದೆ. ಪಾರಿಗೆ ಕೋರ್ಸ್ ಹ್ಯಾಂಡಿಕ್ಯಾಪ್ ಕೂಡಿದರೆ ಅಂದು ಹ್ಯಾಂಡಿಕ್ಯಾಪಿಗೆ ತಕ್ಕ ಸ್ಕೋರ್ ಎಷ್ಟೆಂದು ನೇರ ತಿಳಿಯುತ್ತದೆ. ನಿಮಗೆ 72 + 19 = 91. ಭಾನುವಾರದ 93 ಅದಕ್ಕಿಂತ ಎರಡೇ ಹೆಚ್ಚು. ಅದು ಒಳ್ಳೆಯ ಆಟ ಎಂಬ ನಿಮ್ಮ ಎಣಿಕೆ ಸರಿಯಾಗಿಯೇ ಇದೆ. ನಿಮ್ಮ 20 ಸುತ್ತುಗಳಲ್ಲಿ ಅದಕ್ಕಿಂತ ಉತ್ತಮವಾದವು ಏಳೇ ಏಳು.

ಇನ್ನು 18. ಸ್ಪರ್ಧೆಯಲ್ಲಿ ಬಳಸುವುದು ಪ್ಲೇಯಿಂಗ್ ಹ್ಯಾಂಡಿಕ್ಯಾಪ್. ಆಟದ ಬಗೆಗೆ ತಕ್ಕಂತೆ ಕೋರ್ಸ್ ಹ್ಯಾಂಡಿಕ್ಯಾಪಿನ ಒಂದು ಪಾಲು ಮಾತ್ರ ಕೊಡುತ್ತಾರೆ. ವೈಯಕ್ತಿಕ ಸ್ಟ್ರೋಕ್ ಪ್ಲೇ ಮತ್ತು ಸ್ಟೇಬಲ್‌ಫೋರ್ಡಿಗೆ ಶಿಫಾರಸು ಶೇ 95. ನಿಮ್ಮ ದುಂಡು ಮಾಡದ 18.79ರ ಶೇ 95 ಎಂದರೆ 17.85, ಅದು 18. ಮೊದಲು 19ಕ್ಕೆ ದುಂಡು ಮಾಡಿ ಆಮೇಲೆ ಶೇ 95 ತೆಗೆಯುವುದು ತಪ್ಪು. ನಿಮ್ಮ ಲೆಕ್ಕದಲ್ಲಿ ಎರಡೂ ದಾರಿಯಲ್ಲಿ 18 ಬರುತ್ತದೆ, ಆದರೆ ಎಲ್ಲರಿಗೂ ಹಾಗೆ ಬರುವುದಿಲ್ಲ, ಒಂದು ಸ್ಟ್ರೋಕ್ ಆಚೀಚೆ ಆಗಿ ಬಹುಮಾನವೇ ಕೈತಪ್ಪಬಹುದು.

ಈ ಐದು ಶೇಕಡ ಏಕೆ ಕಡಿತ ಎಂದು ಅನೇಕರು ಕೇಳುತ್ತಾರೆ. ಹ್ಯಾಂಡಿಕ್ಯಾಪ್ ಹೆಚ್ಚಿದ್ದಷ್ಟೂ ಸ್ಕೋರಿನ ಏರಿಳಿತ ಹೆಚ್ಚು. 6ರ ಆಟಗಾರ ತನ್ನ ಅತ್ಯುತ್ತಮ ದಿನ ಮೂರು ನಾಲ್ಕು ಹೊಡೆತ ಉಳಿಸಿದರೆ ಅದೇ ದೊಡ್ಡದು. 24ರವನು ಎಂಟು ಉಳಿಸಿಬಿಡಬಹುದು. ಐವತ್ತು ನೂರು ಜನರ ಸ್ಪರ್ಧೆಯಲ್ಲಿ ಯಾರೋ ಒಬ್ಬ 24ರವನಿಗೆ ಅಂದು ಅಂಥ ದಿನವಾಗಿಯೇ ಆಗಿರುತ್ತದೆ. ಶೇಕಡಾವಾರು ಕಡಿತ ಹೆಚ್ಚು ಹ್ಯಾಂಡಿಕ್ಯಾಪಿನವರಿಂದ ಹೆಚ್ಚು ಹೊಡೆತ ತೆಗೆಯುವುದರಿಂದ ಪಂದ್ಯ ಸಮವಾಗುತ್ತದೆ. ಒಬ್ಬರ ಎದುರು ಒಬ್ಬರೇ ಆಡುವ ಮ್ಯಾಚ್ ಪ್ಲೇಯಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಶೇ 100. ಜೋಡಿಯ ಇಬ್ಬರೂ ತಂತಮ್ಮ ಚೆಂಡು ಆಡಿ ಉತ್ತಮ ಸ್ಕೋರ್ ಹಿಡಿಯುವ ಫೋರ್‌ಬಾಲ್ ಸ್ಟ್ರೋಕ್ ಪ್ಲೇಗೆ ಶೇ 85, ಫೋರ್‌ಬಾಲ್ ಮ್ಯಾಚ್ ಪ್ಲೇಗೆ 90. ಇಬ್ಬರು ಒಂದೇ ಚೆಂಡನ್ನು ಸರದಿಯಲ್ಲಿ ಹೊಡೆಯುವ ಫೋರ್‌ಸಮ್ಸಿಗೆ ಇಬ್ಬರದೂ ಕೂಡಿ ಅರ್ಧ. ಕಂಪನಿ ಟೂರ್ನಿಗಳಲ್ಲಿ ಮೆಚ್ಚಿನ ನಾಲ್ವರ ಸ್ಕ್ರ್ಯಾಂಬಲ್‌ಗೆ (ಎಲ್ಲರೂ ಹೊಡೆದು ಪ್ರತಿ ಸಲ ಉತ್ತಮ ಚೆಂಡು ಇರುವಲ್ಲಿಂದ ಮುಂದುವರಿಯುವ ಆಟ) ಕಡಿಮೆ ಹ್ಯಾಂಡಿಕ್ಯಾಪಿನವರಿಂದ ಶುರುಮಾಡಿ ಕ್ರಮವಾಗಿ ಶೇ 25, 20, 15, 10 ತೆಗೆದು ಕೂಡುತ್ತಾರೆ.

ಮ್ಯಾಚ್ ಪ್ಲೇಯಲ್ಲಿ ಸ್ಟ್ರೋಕ್ ಹಂಚುವುದು ಸುಲಭ. ನಿಮಗೆ 19, ಎದುರಾಳಿಗೆ 12. ಅವರು ಸೊನ್ನೆಯಿಂದ ಆಡುತ್ತಾರೆ, ನಿಮಗೆ 7. ಸ್ಟ್ರೋಕ್ ಇಂಡೆಕ್ಸ್ 1ರಿಂದ 7ರವರೆಗಿನ ಹೋಲುಗಳಲ್ಲಿ ನಿಮಗೆ ಒಂದೊಂದು ಹೊಡೆತ ಬಿಡುತ್ತಾರೆ. ಅವು 1ರಿಂದ 7ನೇ ಹೋಲುಗಳಲ್ಲ, ಕಾರ್ಡಿನ ಆ ಅಂಕಣ ನೋಡಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಎಲ್ಲೆಲ್ಲಿ ಸ್ಟ್ರೋಕ್ ಎಂದು ಮೊದಲ ಟೀಯಲ್ಲೇ ಇಬ್ಬರೂ ಗುರುತು ಹಾಕಿಕೊಂಡರೆ 16ನೇ ಹೋಲಿನಲ್ಲಿ ಮಾತು ಬೆಳೆಯುವುದಿಲ್ಲ.

ಏರದಂತೆ, ಇಳಿಯುವಂತೆ

ಇಂಡೆಕ್ಸ್ ಏರುವುದಕ್ಕೆ ಮಿತಿಯಿದೆ. ಹಿಂದಿನ 365 ದಿನಗಳಲ್ಲಿ ನಿಮ್ಮ ಅತಿ ಕಡಿಮೆ ಇಂಡೆಕ್ಸ್ ಎಷ್ಟಿತ್ತೋ ಅದು ಲೋ ಇಂಡೆಕ್ಸ್. ನಿಮ್ಮದು 17.6. ಅದರ ಮೇಲೆ 3.0 ದಾಟಿದ ಏರಿಕೆಯಲ್ಲಿ ಅರ್ಧ ಮಾತ್ರ ಸಿಗುತ್ತದೆ, ಇದು ಸಾಫ್ಟ್ ಕ್ಯಾಪ್. ಲೆಕ್ಕದಲ್ಲಿ 22.6 ಬಂದರೆ, 20.6ರವರೆಗೆ ಪೂರ್ತಿ, ಉಳಿದ 2.0ರಲ್ಲಿ ಅರ್ಧ, ಸಿಗುವುದು 21.6. ಒಟ್ಟು ಏರಿಕೆ 5.0 ದಾಟುವುದೇ ಇಲ್ಲ, ಅದು ಹಾರ್ಡ್ ಕ್ಯಾಪ್, ನಿಮಗೆ 22.6. ಬೆನ್ನುನೋವೋ ಶಸ್ತ್ರಚಿಕಿತ್ಸೆಯೋ ಆಗಿ ಆಟ ನಿಜಕ್ಕೂ ಕುಗ್ಗಿದ್ದರೆ ಕ್ಲಬ್ಬಿನ ಹ್ಯಾಂಡಿಕ್ಯಾಪ್ ಸಮಿತಿ ಈ ಮಿತಿಯನ್ನು ಸಡಿಲಿಸಬಹುದು. ಅದಕ್ಕೆ ನೀವೇ ಹೋಗಿ ಕೇಳಬೇಕು, ಕಂಪ್ಯೂಟರಿಗೆ ನಿಮ್ಮ ಬೆನ್ನುನೋವು ಗೊತ್ತಾಗದು.

ಇಳಿಯುವುದಕ್ಕೆ ಮಿತಿ ಇಲ್ಲ, ಬದಲಿಗೆ ತಳ್ಳುವ ನಿಯಮವೇ ಇದೆ. ಒಂದು ಸುತ್ತಿನ ಡಿಫರೆನ್ಶಿಯಲ್ ಅಂದಿನ ಇಂಡೆಕ್ಸಿಗಿಂತ 7.0ರಿಂದ 9.9ರಷ್ಟು ಕಡಿಮೆ ಬಂದರೆ ಇಪ್ಪತ್ತೂ ಡಿಫರೆನ್ಶಿಯಲ್‌ಗಳಿಂದ ತಲಾ 1.0 ಕಳೆಯುತ್ತಾರೆ, 10.0 ಅಥವಾ ಅದಕ್ಕೂ ಹೆಚ್ಚು ಕಡಿಮೆ ಬಂದರೆ ತಲಾ 2.0. ಮುಂದಿನ ವಾರ ನೀವು 83 ಹೊಡೆದಿರಿ ಎನ್ನೋಣ. ಡಿಫರೆನ್ಶಿಯಲ್ 11.3, ಇಂಡೆಕ್ಸ್ 19.0ಕ್ಕಿಂತ 7.7 ಕಡಿಮೆ. 20.4ರ ಜಾಗಕ್ಕೆ 11.3 ಬಂದು ಸರಾಸರಿ 17.8 ಆಗುತ್ತದೆ, ಅದರಿಂದ 1.0 ಹೋಗಿ 16.8. ಒಂದೇ ಸುತ್ತಿಗೆ ಎರಡಕ್ಕೂ ಹೆಚ್ಚು ಇಳಿಕೆ. ಬೇಕೆಂದೇ ಹ್ಯಾಂಡಿಕ್ಯಾಪ್ ಏರಿಸಿಟ್ಟುಕೊಂಡು ದೊಡ್ಡ ಸ್ಪರ್ಧೆಯ ದಿನ ಅಸಲಿ ಆಟ ತೋರಿಸುವವರಿಗೆ, ಸ್ಯಾಂಡ್‌ಬ್ಯಾಗರ್ ಎನ್ನುತ್ತಾರಲ್ಲ ಅವರಿಗೆ, ಈ ನಿಯಮ ನೇರ ತಾಗುತ್ತದೆ. ಪ್ರಾಮಾಣಿಕ ಆಟಗಾರನಿಗೂ ಒಮ್ಮೊಮ್ಮೆ ತಾಗುತ್ತದೆ ನಿಜ, ಆದರೆ ಅಷ್ಟು ಒಳ್ಳೆಯ ಸುತ್ತು ಆಡಬಲ್ಲವನ ಸಾಮರ್ಥ್ಯ ಅವನ ಹಳೆಯ ಅಂಕಿಗಿಂತ ಮೇಲೆಯೇ ಇರುತ್ತದೆ. ಈ ನಿಯಮ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಪಿಸಿಸಿ ಬಗ್ಗೆ ಎರಡು ಮಾತು. ಆ ದಿನ ಆ ಕೋರ್ಸಿನಲ್ಲಿ ಕನಿಷ್ಠ 8 ಕಾರ್ಡು ಬಂದಿದ್ದರೆ, ಆಟಗಾರರು ನಿರೀಕ್ಷೆಗಿಂತ ಎಷ್ಟು ಕೆಟ್ಟದಾಗಿ ಅಥವಾ ಚೆನ್ನಾಗಿ ಆಡಿದರು ಎಂದು ರಾತ್ರಿ ಲೆಕ್ಕ ಹಾಕಿ −1ರಿಂದ +3ರವರೆಗೆ ಹೊಂದಾಣಿಕೆ ಮಾಡುತ್ತಾರೆ. ಮಳೆ ಹೊಯ್ದು ನೆಲ ಒದ್ದೆಯಾಗಿ ಎಲ್ಲರ ಸ್ಕೋರೂ ಏರಿದ ದಿನ ನಿಮ್ಮ 93ರಿಂದ ಇನ್ನೊಂದೆರಡು ಕಳೆಯಬಹುದು. ಬಹುಪಾಲು ದಿನ ಅದು 0. ಆದರೆ ಕಾರ್ಡನ್ನು ಅದೇ ದಿನ ಹಾಕಿದರೆ ಮಾತ್ರ ಈ ಲೆಕ್ಕ ನಿಜವಾದ ಚಿತ್ರ ಕೊಡುತ್ತದೆ. ನಾಲ್ಕು ದಿನ ಬಿಟ್ಟು ಹಾಕುವವರು ತಮಗಷ್ಟೇ ಅಲ್ಲ, ಅಂದು ಆಡಿದ ಎಲ್ಲರಿಗೂ ನಷ್ಟ ಮಾಡುತ್ತಾರೆ.

ಹೊಸಬರು ಮತ್ತು 9 ಹೋಲ್ ಆಡುವವರು

ನಿಮ್ಮ ಜೊತೆ ಆಡುವವರಲ್ಲಿ ಈಗಷ್ಟೇ ಶುರುಮಾಡಿದವರಿದ್ದರೆ ಅವರಿಗೂ ಇದು ಬೇಕಾಗುತ್ತದೆ. ಇಂಡೆಕ್ಸ್ ಸಿಗಲು ಒಟ್ಟು 54 ಹೋಲಿನ ಕಾರ್ಡು ಸಾಕು, ಅಂದರೆ 18 ಹೋಲಿನವು ಮೂರು ಅಥವಾ 9 ಹೋಲಿನವು ಆರು. ಮೊದಲ ಕಾರ್ಡುಗಳಲ್ಲಿ ಒಂದು ಹೋಲಿನ ಮಿತಿ ಪಾರ್ + 5. ಗರಿಷ್ಠ ಇಂಡೆಕ್ಸ್ ಗಂಡಸರಿಗೂ ಹೆಂಗಸರಿಗೂ 54.0. ತನ್ನ ಸ್ಪರ್ಧೆಗೆ ಕ್ಲಬ್ಬು ಅದಕ್ಕಿಂತ ಕಡಿಮೆ ಮಿತಿ ಹಾಕಿಕೊಳ್ಳಬಹುದು.

ಮೂರು ಕಾರ್ಡಿದ್ದಾಗ ಅತಿ ಕಡಿಮೆ ಡಿಫರೆನ್ಶಿಯಲ್ ತೆಗೆದು ಅದರಿಂದ 2.0 ಕಳೆಯುತ್ತಾರೆ. ನಾಲ್ಕಿದ್ದರೆ 1.0. ಐದಾದರೆ ಕಡಿತವಿಲ್ಲ. ಆರಾದಾಗ ಉತ್ತಮ ಎರಡರ ಸರಾಸರಿಯಿಂದ 1.0. ಅಲ್ಲಿಂದ ಮುಂದೆ ಕಡಿತವಿಲ್ಲದೆ, 7–8 ಕಾರ್ಡಿಗೆ ಎರಡು, 9ರಿಂದ 11ಕ್ಕೆ ಮೂರು, 12ರಿಂದ 14ಕ್ಕೆ ನಾಲ್ಕು, 15–16ಕ್ಕೆ ಐದು, 17–18ಕ್ಕೆ ಆರು, 19ಕ್ಕೆ ಏಳು, 20ಕ್ಕೆ ಎಂಟು. ಇದರಿಂದ ಹೊಸಬರು ಗಾಬರಿಯಾಗುವ ಒಂದು ಸಂಗತಿ ನಡೆಯುತ್ತದೆ. ಮೊದಲ ಮೂರು ಡಿಫರೆನ್ಶಿಯಲ್ 27.6, 31.2, 29.0 ಎನ್ನಿ. ಇಂಡೆಕ್ಸ್ 25.6. ಮುಂದಿನ ಎರಡು ಸುತ್ತು 27.6ಕ್ಕಿಂತ ಉತ್ತಮವಾಗದಿದ್ದರೆ ಅದು 26.6 ಆಗಿ ಆಮೇಲೆ 27.6ಕ್ಕೆ ನಿಲ್ಲುತ್ತದೆ. ಆಟ ಕೆಟ್ಟಿದ್ದಕ್ಕಲ್ಲ, ಶುರುವಿನ ಕಡಿತ ಒಂದೊಂದೇ ಬಿಟ್ಟಿತು, ಅಷ್ಟೇ.

ಬೆಳಗ್ಗೆ 9 ಹೋಲ್ ಆಡಿ ಕೆಲಸಕ್ಕೆ ಓಡುವವರಿಗೆ 2024ರ ಬದಲಾವಣೆಯಿಂದ ಅನುಕೂಲವಾಗಿದೆ. ಮೊದಲು ಒಂದು 9 ಹೋಲಿನ ಕಾರ್ಡು ಇನ್ನೊಂದು ಜೊತೆ ಸಿಗುವವರೆಗೆ ಕಾದು ಕೂರಬೇಕಿತ್ತು. ಈಗ ಇಂಡೆಕ್ಸ್ ಇರುವವರ 9 ಹೋಲಿನ ಡಿಫರೆನ್ಶಿಯಲ್‌ಗೆ, ಅಂಥ ಆಟಗಾರರಿಂದ ಇನ್ನೊಂದು 9 ಹೋಲಿನಲ್ಲಿ ನಿರೀಕ್ಷಿಸುವ ಡಿಫರೆನ್ಶಿಯಲ್ ಕೂಡಿ ಅಂದೇ 18 ಹೋಲಿನದಾಗಿ ಮಾಡುತ್ತಾರೆ. ಇಂಡೆಕ್ಸ್ 14.0 ಇರುವವರಿಗೆ ಆ ನಿರೀಕ್ಷೆ 8.5. ಅವರು 9 ಹೋಲಿನಲ್ಲಿ 7.2 ಮಾಡಿದ್ದರೆ ದಾಖಲಾಗುವುದು 15.7. 14ರ ಅರ್ಧ 7 ತಾನೆ, 8.5 ಏಕೆ ಎಂದು ಕೇಳಬಹುದು. ಇಂಡೆಕ್ಸ್ ಒಳ್ಳೆಯ ದಿನಗಳ ಅಳತೆ ಎಂದೆನಲ್ಲ, ಸಾಧಾರಣ ದಿನದ ಆಟ ಅದಕ್ಕಿಂತ ಹೆಚ್ಚೇ ಇರುತ್ತದೆ. ಮಳೆಯೋ ಕತ್ತಲೆಯೋ ಬಂದು 18 ಮುಗಿಯದಿದ್ದರೂ ಕನಿಷ್ಠ 10 ಹೋಲ್ ಆಡಿದ್ದರೆ ಉಳಿದವನ್ನು ಇದೇ ರೀತಿ ತುಂಬಿ 18 ಹೋಲಿನ ಕಾರ್ಡಾಗಿ ಹಿಡಿಯುತ್ತಾರೆ.

ಕಾರ್ಡು ಲೆಕ್ಕಕ್ಕೆ ಬರಬೇಕಾದರೆ ಜೊತೆಗೊಬ್ಬರು ಇರಬೇಕು, ಗಾಲ್ಫ್ ನಿಯಮದಂತೆ ಆಡಿರಬೇಕು. ಸ್ಟ್ರೋಕ್ ಪ್ಲೇಯಲ್ಲಿ ಎರಡಡಿ ಪಟ್ಟನ್ನು "ಆಯ್ತು ಬಿಡಿ" ಎಂದು ಎತ್ತಿಕೊಂಡದ್ದು, ಮೊದಲ ಟೀಯಲ್ಲಿ ಎರಡನೇ ಚೆಂಡು ಹೊಡೆದು ಅದನ್ನೇ ಬರೆದದ್ದು ಎಲ್ಲ ಇಂಡೆಕ್ಸನ್ನು ಸುಳ್ಳಾಗಿ ಇಳಿಸುತ್ತವೆ. ಹೀಗೆ ಇಳಿದ 15 ನೋಡಲು ಚೆಂದ. ಆದರೆ ಪಟ್ ಪೂರ್ತಿ ಮುಗಿಸಲೇಬೇಕಾದ ಸ್ಪರ್ಧೆಯಲ್ಲಿ, ಸಿಗಬೇಕಾಗಿದ್ದ ಮೂರು ನಾಲ್ಕು ಸ್ಟ್ರೋಕ್ ಇಲ್ಲದೆ ಆಡಬೇಕಾಗುತ್ತದೆ.

ನಿಮ್ಮ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಕಂಡಿತು. ಈಗ ತುದಿಯಲ್ಲಿರುವ, ಮುಂದೆ ಹೊರಬೀಳಲಿರುವ ಎರಡು ಕಾರ್ಡುಗಳು 24.3 ಮತ್ತು 22.8. ಎರಡಕ್ಕೂ ಗುರುತಿಲ್ಲ. ಹಾಗಾಗಿ ಮುಂದಿನ ಎರಡು ಸುತ್ತಿನಲ್ಲಿ ನಿಮ್ಮ ಇಂಡೆಕ್ಸ್ 19.0ಕ್ಕಿಂತ ಮೇಲೆ ಹೋಗುವಂತಿಲ್ಲ. ಬಿಳಿ ಟೀಯಿಂದ 92 ಅಥವಾ ಅದಕ್ಕಿಂತ ಕಡಿಮೆ ಹೊಡೆದರೆ 20.4ರ ಜಾಗ ಹಿಡಿದು ಇಳಿಯಲು ಶುರುವಾಗುತ್ತದೆ.